ತಲೆ ಎತ್ತುವ ಮಂಚ

ಫೆಬ್ರವರಿ 9

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದ.

ಎಲ್ಲರೂ ಕ್ಷೇಮ ಅಂತ ಬರೆಯುವುದು ರೂಢಿ. ಈ ಸಲ ಅರ್ಧ ಕ್ಷೇಮ ಅಂತ ಬರೆಯುತ್ತೇನೆ. ನಿನ್ನ ಭಾವನಿಗೆ ಉಸಿರು ಕಟ್ಟುವುದು ಜಾಸ್ತಿಯಾಗಿದೆ. ನಲವತ್ತು ವರ್ಷ ಅಂಗಡಿಗಳ ಬೋರ್ಡು ಬರೆದು, ಬಣ್ಣವನ್ನೂ ಟರ್ಪಂಟೈನನ್ನೂ ಕುಡಿದ ಎದೆ. ಕೂತಿದ್ದರೆ ಪರವಾಗಿಲ್ಲ. ಮಲಗಿದರೆ ನೀರಿನಲ್ಲಿ ಮುಳುಗಿದವರ ಹಾಗೆ ಬಾಯಿ ಬಿಟ್ಟು ಎದ್ದು ಕೂರುತ್ತಾರೆ. ಮಧ್ಯಾಹ್ನದ ನಿದ್ದೆಯೂ ಇಲ್ಲ, ರಾತ್ರಿಯದೂ ಇಲ್ಲ.

ಡಾಕ್ಟರು ಹೇಳಿದರು, "ಔಷಧಿ ತನ್ನ ಕೆಲಸ ತಾನು ಮಾಡುತ್ತೆ ಅಮ್ಮಾ. ಇವರಿಗೆ ಈಗ ಬೇಕಾಗಿರೋದು ತಲೆ ಕಡೆ ಎತ್ತೋಕೆ ಬರೋ ಮಂಚ. ಎದೆ ಮೇಲಿದ್ರೆ ನಿದ್ದೆ ಬರುತ್ತೆ." ಅದಕ್ಕೆ ನಿನ್ನ ಭಾವ ನನ್ನ ಕಡೆ ತಿರುಗಿ, "ನಿನ್ನ ತಮ್ಮ ಫ್ಯಾಕ್ಟರೀಲಿ ದಿನಾ ಪೆಟ್ಟಿಗೆಗೆ ತುಂಬೋದು ಅದನ್ನೇ ಅಲ್ವಾ? ಒಂದರ ಮೇಲೆ ನಮ್ಮ ವಿಳಾಸ ಬರೀ ಅಂತ ಹೇಳು" ಅಂದರು. ತಮಾಷೆಗೆ ಅಂದದ್ದು. ನಾನು ತಮಾಷೆ ಅಂತ ಬಿಡದೆ ಬರೆಯುತ್ತಿದ್ದೇನೆ.

ಮೊದಲು ಇಲ್ಲಿಯೇ ಒಂದು ಒರಗುವ ದಿಂಬು ತಂದಿದ್ದೆ. ಡಬ್ಬದ ಮೇಲಿನ ಚಿತ್ರದಲ್ಲಿ ಒಬ್ಬ ಮುದುಕ ಅದಕ್ಕೆ ಒರಗಿ ನಗುತ್ತಿದ್ದ. ಮೂರೇ ದಿನಕ್ಕೆ ಅದು ಕಾಲೊರೆಸುವ ಬಟ್ಟೆಯ ಹಾಗೆ ಚಪ್ಪಟೆಯಾಯಿತು. ಅಂಗಡಿಗೆ ತೆಗೆದುಕೊಂಡು ಹೋದರೆ ಅವನು, "ಒರಗಿದ್ರೆ ಚಪ್ಪಟೆ ಆಗದೆ ಇನ್ನೇನಮ್ಮಾ ಆಗುತ್ತೆ?" ಅಂದ. ದಿಂಬನ್ನು ವಾಪಸ್ಸು ಹೊತ್ತುಕೊಂಡೆ. ಮನೆಗೆ ಬಂದು ಹೇಳಿದರೆ ನಿನ್ನ ಭಾವ ಕೆಮ್ಮಿ ಕೆಮ್ಮಿ ನಕ್ಕರು. "ಅವನ ಬೋರ್ಡು ಬರೆದವನು ನಾನೇ ಕಣೆ. ಈ ಊರಲ್ಲಿ ಗ್ಯಾರಂಟಿ ಅನ್ನೋ ಪದವನ್ನ ನನ್ನಷ್ಟು ಸಲ ಬರೆದವರು ಯಾರೂ ಇಲ್ಲ. ನನಗೆ ಮಾತ್ರ ಒಂದೂ ಸಿಗಲಿಲ್ಲ."

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು "ಮತ್ತೆ?" ಅನ್ನುತ್ತೀಯ, ನಾನು "ಮತ್ತೇನಿಲ್ಲ" ಅನ್ನುತ್ತೇನೆ, ಅಲ್ಲಿಗೆ ಮುಗಿಯಿತು. ಅಲ್ಲದೆ ಇರುವುದು ಒಂದೇ ಕೋಣೆ, ಅವರಿಗೆ ಎಲ್ಲವೂ ಕೇಳುತ್ತದೆ. ನಿನಗೆ ಆಗದಿದ್ದರೆ ಆಗದು ಅಂತ ಬರೆ. ಬೇಜಾರಿಲ್ಲ.

ನಿನ್ನ ಅಕ್ಕ


ಫೆಬ್ರವರಿ 20

ಅಕ್ಕಾ,

ಆಗದಿದ್ದರೆ ಆಗದು ಅಂತ ಬರೆಯಬೇಕಂತೆ! ನನಗೆ ಜ್ವರ ಬಂದಾಗ ನನ್ನನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದವಳು ನೀನು. ಆವತ್ತು ನಾನು ನಿನಗೆ ಅರ್ಜಿ ಹಾಕಿದ್ದೆನಾ?

ಮಂಚಕ್ಕೆ ಹೇಳಿಯಾಯಿತು. ನೌಕರರಿಗೆ ವರ್ಷಕ್ಕೆ ಒಂದನ್ನು ಕಡಿಮೆ ಬೆಲೆಗೆ ಕೊಡುತ್ತಾರೆ. ದುಡ್ಡಿನ ಮಾತು ಎತ್ತಬೇಡ, ಎತ್ತಿದರೆ ಕಾಗದ ಬರೆಯುವುದನ್ನೇ ಬಿಡುತ್ತೇನೆ. ಒಳ್ಳೆಯ ಮಂಚ ಅಕ್ಕಾ. ಕಬ್ಬಿಣದ ಪೈಪು, ಕೆನೆ ಬಣ್ಣ. ಕಾಲ ಕಡೆ ಒಂದು ಚೌಕದ ತೂತು ಇರುತ್ತದೆ. ಅದಕ್ಕೆ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಿದರೆ ತಲೆಯ ಕಡೆ ಬಾತುಕೋಳಿ ಕತ್ತು ಎತ್ತಿದ ಹಾಗೆ ಏಳುತ್ತದೆ. ಮಗು ಕೂಡ ತಿರುಗಿಸಬಹುದು.

ಬೇರೆ ಯಾರ ಕೈಗೂ ಕೊಡದೆ ನಾನೇ ಪ್ಯಾಕ್ ಮಾಡುತ್ತೇನೆ. ಪೆಟ್ಟಿಗೆಯೊಳಗೆ ಪ್ಯಾಕ್ ಮಾಡಿದವನ ನಂಬರಿನ ಚೀಟಿ ಇರುತ್ತದೆ, ನನ್ನದು 31. ಏನಾದರೂ ಕಡಿಮೆ ಬಿದ್ದರೆ ಆ ನಂಬರಿನವನ ಕತ್ತಿಗೆ ಬರುತ್ತದೆ. ಹೋದ ವರ್ಷ ನನಗೆ ಎರಡು ಮೆಮೋ ಬಂದವು. ಒಂದು ಯಾರದೋ ತಪ್ಪು. ಇನ್ನೊಂದು ಸುಳ್ಳು ಯಾಕೆ ಹೇಳಲಿ, ನನ್ನದೇ. ನಾಲ್ಕು ಬೋಲ್ಟು ಹಾಕುವಲ್ಲಿ ಮೂರು ಹಾಕಿದ್ದೆ. ಮೂರನೆಯದು ಬಂದರೆ ಮನೆಗೆ ಕಳಿಸುತ್ತಾರೆ. ಅದಕ್ಕೇ ಈಗ ಒಂದೊಂದು ಬೋಲ್ಟನ್ನೂ ಹಸುಗೂಸಿನ ಹಾಗೆ ಎತ್ತಿಡುತ್ತೇನೆ. ನನ್ನವಳು, "ಮನೇಲಿ ನಿಮ್ಮ ಮಕ್ಕಳನ್ನ ಒಂದು ದಿನ ಹೀಗೆ ಎತ್ತಿದ್ರಾ?" ಅಂತ ಕೇಳುತ್ತಾಳೆ.

ಭಾವನಿಗೆ ಹೇಳು, ಈ ಮಂಚದ ಮೇಲಿನ ಗ್ಯಾರಂಟಿ ನನ್ನದು, ಬೋರ್ಡಿನದಲ್ಲ.

ನಿನ್ನ ತಮ್ಮ


ಮಾರ್ಚ್ 14

ಪ್ರೀತಿಯ ತಮ್ಮನಿಗೆ,

ಮಂಚ ಬಂತು. ನಿಮ್ಮ ಕಂಪನಿಯ ಡಿಪೋದಿಂದ ಇಬ್ಬರು ಹೊತ್ತು ತಂದು ಜೋಡಿಸಿ ಕೊಟ್ಟು ಹೋದರು. ಬಣ್ಣ ತುಂಬಾ ಚೆನ್ನಾಗಿದೆ. ಎಲ್ಲೂ ಒಂದು ಗೀರೂ ಬಿದ್ದಿಲ್ಲ. ನಿನ್ನ ಭಾವ ಪೈಪಿನ ಮೇಲೆ ಕೈಯಾಡಿಸಿ, "ಇದು ಕುಂಚದ ಕೆಲಸ ಅಲ್ಲ, ಗಾಳಿಯಲ್ಲಿ ಹೊಡೆದ ಬಣ್ಣ. ಕೈ ಪಳಗಿದವನೇ ಹೊಡೆದಿದ್ದಾನೆ" ಅಂದರು. ಮನೆಗೆ ಒಂದು ಕಳೆ ಬಂದಿದೆ.

ನೀನು ಇಷ್ಟು ಮಾಡಿದೆ. ನಿನಗೆ ಒಳ್ಳೆಯದಾಗಲಿ. ನಿನ್ನ ಕೆಲಸ ಗಟ್ಟಿಯಾಗಿರಲಿ.

ನಿನ್ನ ಅಕ್ಕ


ಮಾರ್ಚ್ 14

ತಮ್ಮಾ, ಇದನ್ನು ನಿನಗೆ ಕಳಿಸುವುದಿಲ್ಲ. ನೋಟುಪುಸ್ತಕದಲ್ಲಿ ಬರೆದಿಡುತ್ತೇನೆ. ನಿನ್ನ ಹೆಸರಿಗೆ ಬರೆಯದಿದ್ದರೆ ನನಗೆ ವಾಕ್ಯ ಮುಂದೆ ಹೋಗುವುದಿಲ್ಲ.

ಮಂಚದ ಜೊತೆ ಹ್ಯಾಂಡಲ್ ಬಂದಿಲ್ಲ.

ಪೆಟ್ಟಿಗೆಯನ್ನು ಮಗುಚಿ ನೋಡಿದೆ. ರಟ್ಟನ್ನೆಲ್ಲ ಬಿಡಿಸಿದೆ, ಥರ್ಮೋಕೋಲನ್ನು ಪುಡಿ ಮಾಡಿದೆ, ಹಾಸಿಗೆಯ ಹೊಲಿಗೆ ಬಿಚ್ಚಿ ಮತ್ತೆ ಹೊಲಿದೆ. ಬೋಲ್ಟಿನ ಪೊಟ್ಟಣ ಇದೆ, ಎಣಿಸಿದರೆ ಸರಿಯಾಗಿದೆ. 31 ಅಂತ ಬರೆದ ಚೀಟಿ ಇದೆ. ಹ್ಯಾಂಡಲ್ ಇಲ್ಲ. ಕಾಲ ಕಡೆಯ ಚೌಕದ ತೂತು ಬಾಯಿ ತೆರೆದುಕೊಂಡಿದೆ. ತಲೆಯ ಕಡೆ ಹಲಗೆಯ ಹಾಗೆ ಮಟ್ಟಸವಾಗಿ ಬಿದ್ದುಕೊಂಡಿದೆ.

ಜೋಡಿಸಲು ಬಂದವರನ್ನು ಕೇಳಿದರೆ, "ನಮ್ಮ ಕೆಲಸ ನಾಲ್ಕು ಕಾಲು ನಿಲ್ಲಿಸೋದು ಅಷ್ಟೇ ಅಮ್ಮಾ" ಅಂದರು. ಮಾರನೆಯ ದಿನ ಡಿಪೋಗೆ ಹೋದೆ. ಕೌಂಟರಿನಲ್ಲಿದ್ದವನು ಒಳ್ಳೆಯವನೇ. ಕೂರಿಸಿ ಒಂದು ಫಾರಂ ಕೊಟ್ಟ. "ಬರೆದುಕೊಡಿ, ಎರಡು ತಿಂಗಳಲ್ಲಿ ಹೊಸದು ಕಳಿಸ್ತಾರೆ. ಚೀಟಿಯಲ್ಲಿ ಪ್ಯಾಕ್ ಮಾಡಿದವನ ನಂಬರ್ ಇರುತ್ತಲ್ಲ, ಅದನ್ನ ಈ ಖಾಲಿ ಚೌಕದಲ್ಲಿ ತುಂಬಿ. ಅದಿಲ್ಲದೆ ತಗೊಳ್ಳಲ್ಲ."

"ನಂಬರ್ ಯಾಕೆ?" ಅಂದೆ.

"ಯಾರ ತಪ್ಪು ಅಂತ ಗೊತ್ತಾಗೋದು ಬೇಡ್ವಾ? ಅವನಿಗೆ ಬಿಸಿ ಮುಟ್ಟಬೇಕಲ್ಲ. ನೀವು ಯಾಕೆ ಮರುಗ್ತೀರಿ, ಅವನೇನು ನಿಮ್ಮ ತಮ್ಮನಾ?"

ಪೆನ್ನು ಕೈಯಲ್ಲಿತ್ತು. ಹೆಸರು ಬರೆದೆ, ವಿಳಾಸ ಬರೆದೆ. ನಂಬರಿನ ಚೌಕಕ್ಕೆ ಬಂದು ಪೆನ್ನು ನಿಲ್ಲಿಸಿದೆ. ಫಾರಂ ಮಡಿಚಿ ಬ್ಯಾಗಿನಲ್ಲಿ ಇಟ್ಟುಕೊಂಡು ಬಂದೆ.

ನಿನ್ನ ಭಾವನಿಗೆ ಹೇಳಿದೆ. ಹೇಳದೆ ಹೇಗಿರಲಿ, ಮಲಗುವವರು ಅವರು. "ಮೂರನೇ ಮೆಮೋ ನಮ್ಮ ಮನೆಯಿಂದ ಹೋಗೋದು ಬೇಡ. ಎರಡು ಮಕ್ಕಳಿವೆ ಅವನಿಗೆ" ಅಂದರು. ನೀನು ನನಗಾಗಿ ಅವಸರದಲ್ಲಿ, ಪ್ರೀತಿಯಲ್ಲಿ ಕಟ್ಟುವಾಗ ಮರೆತಿರಬೇಕು. ನಿನಗೇ ಹೇಳಿದರೆ? ನೀನು ಸುಮ್ಮನಿರುವವನಲ್ಲ. ಸ್ಟೋರಿಗೆ ಹೋಗಿ ತಪ್ಪು ಒಪ್ಪಿಕೊಂಡು ಹ್ಯಾಂಡಲ್ ಕೇಳುತ್ತೀಯ. ಅದೂ ಮೆಮೋವೇ.

ತಲೆಯ ಕಡೆಯ ಎರಡು ಕಾಲಿನ ಕೆಳಗೆ ಎರಡೆರಡು ಇಟ್ಟಿಗೆ ಇಟ್ಟಿದ್ದೇನೆ. ಮಂಚ ಇಳಿಜಾರಾಗಿದೆ. ಅವರು ಮಲಗಿ ಐದು ನಿಮಿಷಕ್ಕೆ ಕಾಲ ಕಡೆಗೆ ಜಾರಿಕೊಂಡು ಬರುತ್ತಾರೆ. "ಇದೊಳ್ಳೇ ಮಕ್ಕಳ ಜಾರುಬಂಡೆ ಆಯ್ತಲ್ಲೇ" ಅನ್ನುತ್ತಾರೆ.


ಮಾರ್ಚ್ 29

ಅಕ್ಕಾ,

ನಿನ್ನ ಕಾಗದವನ್ನು ಪ್ಯಾಕಿಂಗ್ ಸೆಕ್ಷನ್ನಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಬಣ್ಣ ಹೊಡೆಯುವವನನ್ನು ಕರೆದು, "ನಲವತ್ತು ವರ್ಷ ಕುಂಚ ಹಿಡಿದವರು ನಿನಗೆ ಸರ್ಟಿಫಿಕೇಟು ಕೊಟ್ಟಿದ್ದಾರೆ ಕಣೋ" ಅಂದೆ. ಅವನು ನನಗೆ ಚಹಾ ಕುಡಿಸಿದ.

ಆದರೆ ನೀನು ಮುಖ್ಯವಾದದ್ದನ್ನೇ ಬರೆದಿಲ್ಲ. ಬರೀ ಬಣ್ಣ, ಗೀರು ಅಂತ ಬರೆದಿದ್ದೀಯ. ಭಾವನಿಗೆ ನಿದ್ದೆ ಬಂತಾ? ಮೊದಲ ದಿನ ಏನಂದರು? ನಾವು ದಿನಕ್ಕೆ ಹದಿನೆಂಟು ಮಂಚ ಪ್ಯಾಕ್ ಮಾಡುತ್ತೇವೆ. ಅದರ ಮೇಲೆ ಮಲಗಿದವರ ಮುಖ ಇವತ್ತಿನ ತನಕ ನೋಡಿಲ್ಲ. ನಮ್ಮ ಕೈಯಿಂದ ಹೋದದ್ದು ಏನಾಯಿತು ಅಂತ ಒಂದು ಸಲವಾದರೂ ಗೊತ್ತಾಗಲಿ. ಬರೆ.

ನಿನ್ನ ತಮ್ಮ


ಏಪ್ರಿಲ್ 10

ಪ್ರೀತಿಯ ತಮ್ಮನಿಗೆ,

ನಿನ್ನೆ ಮಧ್ಯಾಹ್ನ ನಿನ್ನ ಭಾವ ಎರಡು ಗಂಟೆ ಮಲಗಿದರು. ಇದು ನಿಜ.

ಅವರೇ ಎರಡು ಮಾತು ಹೇಳುತ್ತೇನೆ, ಬರೆದುಕೋ ಅಂದರು. ಅವರ ಮಾತು ಹೀಗೆ: "ಭಾವಮೈದುನಾ, ಮಂಚ ರಾಜರ ಮಂಚ. ರಾಜನೇ ಸ್ವಲ್ಪ ಕೆಮ್ಮುತ್ತಾನೆ. ನಿನ್ನ ಅಕ್ಕ ಹಗಲೂ ರಾತ್ರಿ ಸೇವೆ ಮಾಡ್ತಿದ್ದಾಳೆ. ಬಂದು ಅವಳನ್ನ ಒಂದು ವಾರ ಕರ್ಕೊಂಡು ಹೋಗು, ಬೆನ್ನಿಗೆ ರೆಸ್ಟು ಸಿಗಲಿ."

ಇನ್ನೊಂದು ವಿಷಯ. ಆ ಹ್ಯಾಂಡಲ್ ಬಿಡಿಯಾಗಿ ಕೊಳ್ಳಲು ಸಿಗುತ್ತದೆಯೇ? ನಮ್ಮದು ಸಣ್ಣ ಮನೆ, ಸಾಮಾನು ಜಾಸ್ತಿ, ಎಲ್ಲಾದರೂ ಕಳೆದುಹೋದರೆ ಅಂತ. ಒಂದು ಹೆಚ್ಚಿಗೆ ಇದ್ದರೆ ಒಳ್ಳೆಯದು ಅನಿಸಿತು. ತೊಂದರೆ ಆಗುವುದಾದರೆ ಬೇಡ.

ನಿನ್ನ ಅಕ್ಕ


ಏಪ್ರಿಲ್ 22

ಅಕ್ಕಾ,

ಎರಡು ಗಂಟೆ! ಓದಿ ನನ್ನವಳ ಮುಂದೆ ಕುಣಿದೆ.

ನೀನು ಮೊದಲಿನಿಂದಲೂ ಹೀಗೆ. ಒಂದು ಸೂಜಿ ಕೊಂಡರೆ ಇನ್ನೊಂದು ಸೂಜಿ ಎತ್ತಿಡುವವಳು. ಹ್ಯಾಂಡಲ್ ಒಂದೇ ಸಾಕಕ್ಕ, ಅದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಸವೆಯುವುದಿಲ್ಲ. ಬಿಡಿಯಾಗಿ ಮಾರುವುದೂ ಇಲ್ಲ. ಹಾಗೇ ಒಂದು ಎತ್ತಿಕೊಂಡು ಬರೋಣವೆಂದರೆ ಗೇಟಿನಲ್ಲಿ ಊಟದ ಡಬ್ಬಿಯ ಮುಚ್ಚಳ ತೆಗೆಸಿ ನೋಡುತ್ತಾರೆ. ಅನ್ನದೊಳಗೆ ಹೂತಿಟ್ಟು ತರಲಾ ಹೇಳು. ಇರುವುದನ್ನೇ ಜೋಪಾನ ಮಾಡು, ಸಾಕು.

ಒಂದು ಸಂತೋಷದ ಸುದ್ದಿ. ಈ ಮೂರು ತಿಂಗಳು ನನ್ನ ನಂಬರಿನ ಮೇಲೆ ಒಂದು ದೂರೂ ಬಂದಿಲ್ಲ. ಹೀಗೇ ವರ್ಷ ಕಳೆದರೆ ಹಳೆಯ ಎರಡು ಮೆಮೋಗಳನ್ನು ಹರಿದು ಹಾಕುತ್ತಾರಂತೆ. ಸೂಪರ್‌ವೈಸರ್ ನನ್ನ ಬೆನ್ನು ತಟ್ಟಿದರು.

ನಿನ್ನನ್ನು ಕರೆದುಕೊಂಡು ಬರುವ ಆಸೆ ನನಗೂ ಇದೆ. ಈಗ ರಜೆ ಕೇಳುವ ಹಾಗಿಲ್ಲ.

ನಿನ್ನ ತಮ್ಮ


ಮೇ 18

ಇದೂ ಕಳಿಸದ ಕಾಗದ.

ಎರಡು ಗಂಟೆ ಮಲಗಿದರು ಅಂತ ಬರೆದದ್ದು ಸುಳ್ಳಲ್ಲ. ಹೇಗೆ ಮಲಗಿದರು ಅಂತ ಮಾತ್ರ ಬರೆಯಲಿಲ್ಲ. ನಾನು ಮಂಚದ ತಲೆಯ ಕಡೆ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂರುತ್ತೇನೆ, ಸೊಂಟದ ಹಿಂದೆ ಆ ಚಪ್ಪಟೆ ದಿಂಬು. ಅವರು ನನ್ನ ಎದೆಗೆ ಒರಗಿ ಮಲಗುತ್ತಾರೆ. ಹಾಗೆ ಒರಗಿದರೆ ಉಸಿರು ಸಲೀಸಾಗುತ್ತದೆ. ನಾನು ಅಲ್ಲಾಡಿದರೆ ಎಚ್ಚರವಾಗುತ್ತದೆ. ಅದಕ್ಕೇ ಅಲ್ಲಾಡುವುದಿಲ್ಲ. ಹೊಲಿಗೆಯ ಕೆಲಸ ಹಿಂದೆ ಬಿದ್ದಿದೆ. ಶಾಲೆಯ ಸಮವಸ್ತ್ರದ ಬಟ್ಟೆ ಕತ್ತರಿಸಿಟ್ಟದ್ದು ಹಾಗೆಯೇ ಇದೆ.

ವೆಲ್ಡಿಂಗ್ ಅಂಗಡಿಗೂ ಹೋಗಿದ್ದೆ. ಅವನು ಮನೆಗೇ ಬಂದು ಟಾರ್ಚು ಬಿಟ್ಟು ತೂತು ನೋಡಿ, "ಇದು ಅವರದೇ ಅಳತೆ ಅಮ್ಮಾ. ಇಂಚಿಗೂ ಬರಲ್ಲ, ಮಿಲಿಮೀಟರಿಗೂ ಬರಲ್ಲ. ಬೇಕಂತಲೇ ಹೀಗೆ ಮಾಡ್ತಾರೆ" ಅಂದ. ಆದರೂ ಒಂದು ಸರಳನ್ನು ಬಗ್ಗಿಸಿ ಮಾಡಿಕೊಟ್ಟ. ನಾಲ್ಕು ಸುತ್ತು ತಿರುಗಿ ತಲೆಯ ಕಡೆ ಒಂದು ಗೇಣು ಎದ್ದಿತು. ನಿನ್ನ ಭಾವ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟಿದರು. ಐದನೆಯ ಸುತ್ತಿಗೆ ಸರಳು ಜಾರಿ, ತಲೆಯ ಕಡೆ ದಡ್ ಅಂತ ಕೆಳಗೆ ಬಿತ್ತು. ಸದ್ಯ, ಮಂಚದ ಮೇಲೆ ಯಾರೂ ಇರಲಿಲ್ಲ. ವೆಲ್ಡಿಂಗ್‌ನವನು ದುಡ್ಡು ತೆಗೆದುಕೊಳ್ಳಲಿಲ್ಲ. "ಆಗದ ಕೆಲಸಕ್ಕೆ ಏನು ತಗೊಳ್ಳಲಿ" ಅಂತ ಸರಳನ್ನೂ ಎತ್ತಿಕೊಂಡು ಹೋದ.

ಆ ಫಾರಂ ಇನ್ನೂ ಬ್ಯಾಗಿನಲ್ಲೇ ಇದೆ. ನಿನ್ನೆ ತೆಗೆದು ನೋಡಿದೆ. ನಿನ್ನ ಕಾಗದವನ್ನೂ ತೆಗೆದು ನೋಡಿದೆ, ಬೆನ್ನು ತಟ್ಟಿದರು ಅಂತ ಬರೆದಿದ್ದೀಯಲ್ಲ, ಅದನ್ನು. ಎರಡನ್ನೂ ಒಟ್ಟಿಗೆ ಮಡಿಚಿ ಇಟ್ಟೆ.


ಜೂನ್ 30

ತಮ್ಮಾ,

ಫೋನಿನಲ್ಲಿ ಏನು ಹೇಳಿದೆನೋ ಏನು ಬಿಟ್ಟೆನೋ ನೆನಪಿಲ್ಲ. ಇಪ್ಪತ್ತೊಂದನೆಯ ತಾರೀಕು ಮಧ್ಯಾಹ್ನ ನಿದ್ದೆಯಲ್ಲೇ ಹೋದರು. ಕಷ್ಟಪಡಲಿಲ್ಲ. ಅವರ ಜೊತೆ ಬೋರ್ಡು ಬರೆಯುತ್ತಿದ್ದವರು ಬಂದು ಎಲ್ಲವನ್ನೂ ಮುಂದೆ ನಿಂತು ಮಾಡಿದರು. ಡಾಕ್ಟರು, "ನೀವು ಮಾಡೋ ಅಷ್ಟು ಮಾಡಿದ್ರಿ" ಅಂದರು.

ನಿನಗೆ ಬರಲಾಗಲಿಲ್ಲ ಅಂತ ನೊಂದುಕೊಳ್ಳಬೇಡ. ನಿನ್ನವಳ ಆಪರೇಷನ್ ಆದ ದಿನವೇ ಇದೂ ಆದರೆ ನೀನು ಏನು ಮಾಡುತ್ತೀಯ? ಅವಳನ್ನು ಚೆನ್ನಾಗಿ ನೋಡಿಕೋ. ಭಾರ ಎತ್ತಲು ಬಿಡಬೇಡ.

ಅಕ್ಕ


ಜುಲೈ 12

ಅಕ್ಕಾ,

ನಾಲ್ಕು ಸಲ ಬರೆದು ನಾಲ್ಕು ಸಲ ಹರಿದೆ. ಭಾವ ನನಗೆ ಬರೀ ಭಾವ ಆಗಿರಲಿಲ್ಲ. ಮೊದಲ ಸಲ ನನ್ನ ಹೆಸರನ್ನು ಬಣ್ಣದಲ್ಲಿ ಬರೆದುಕೊಟ್ಟವರು ಅವರು. ನನ್ನ ಡಬ್ಬಿಯ ಮೇಲೆ ಅದು ಇನ್ನೂ ಇದೆ, ಅಳಿಸಿಲ್ಲ.

ಬರಲಾಗಲಿಲ್ಲ ಅನ್ನುವುದು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಇದೆ. ಒಂದೇ ಒಂದು ಸಮಾಧಾನ, ಅದನ್ನು ನಿನಗೆ ಹೇಳಲೇಬೇಕು. ನಾನು ಬರದಿದ್ದರೂ ನಾನು ಕಟ್ಟಿ ಕಳಿಸಿದ ಮಂಚ ಅಲ್ಲಿತ್ತು. ಭಾವ ತಲೆ ಎತ್ತಿ ಮಲಗಿ, ಸಲೀಸಾಗಿ ಉಸಿರಾಡುತ್ತಾ, ನಿದ್ದೆಯಲ್ಲಿ ಹೋದರು. ಈ ಮೂರು ತಿಂಗಳು ಅವರಿಗೆ ಅಷ್ಟಾದರೂ ಸಿಕ್ಕಿತು. ಅದೊಂದು ಇಲ್ಲದಿದ್ದರೆ ನನಗೆ ನನ್ನ ಮುಖ ನೋಡಿಕೊಳ್ಳಲು ಆಗುತ್ತಿರಲಿಲ್ಲ ಅಕ್ಕಾ.

ಸೂಪರ್‌ವೈಸರ್ ಕೂಡ ಅದನ್ನೇ ಹೇಳಿದರು. "ನಿನ್ನ ಪಾಲಿನದು ನೀನು ಮಾಡಿದ್ದೀಯಪ್ಪಾ."

ನೀನು ಊಟ ಮಾಡುತ್ತೀಯಾ? ನಿಜ ಬರೆ.

ತಮ್ಮ


ಜುಲೈ 24

ಕಳಿಸದ್ದು.

ಒಂದೂವರೆ ಗಂಟೆಗೆ ಒರಗಿಕೊಂಡರು. ಬಸ್ಸಿನ ಹಾರನ್ನು ಕೇಳಿ, "ಮೂರು ಗಂಟೆ ಬಸ್ಸಾ?" ಅಂತ ಕೇಳಿದರು. "ಇನ್ನೂ ಎರಡೂ ಆಗಿಲ್ಲ" ಅಂದೆ. ಆಮೇಲೆ ಮಾತಾಡಲಿಲ್ಲ. ಇವತ್ತು ಕೆಮ್ಮಿಲ್ಲ, ಎಷ್ಟು ಚೆನ್ನಾಗಿ ಮಲಗಿದ್ದಾರೆ ಅಂದುಕೊಂಡೆ. ಎಬ್ಬಿಸಬಾರದು ಅಂತ ಅಲ್ಲಾಡದೆ ಕೂತಿದ್ದೆ. ಮೂರು ಗಂಟೆಯ ಬಸ್ಸು ಹೋಯಿತು. ನನ್ನ ಬಲಗಾಲು ಜೋಮು ಹಿಡಿದಿತ್ತು. ನಾಲ್ಕರ ಹತ್ತಿರ ಅವರ ಕೈ ತಣ್ಣಗಿರುವುದು ಗೊತ್ತಾಯಿತು. ಎಷ್ಟು ಹೊತ್ತಿನಿಂದ ಹಾಗಿತ್ತೋ ಗೊತ್ತಿಲ್ಲ.

ನಿನಗೆ ಅದೊಂದೇ ಸಮಾಧಾನ ಅಂತ ಬರೆದಿದ್ದೀಯ. ಇರಲಿ ಬಿಡು, ಇಟ್ಟುಕೋ.


ಆಗಸ್ಟ್ 25

ಪ್ರೀತಿಯ ತಮ್ಮನಿಗೆ,

ಊಟ ಮಾಡುತ್ತಿದ್ದೇನೆ. ಸಮವಸ್ತ್ರಗಳನ್ನೆಲ್ಲ ಮುಗಿಸಿ ಶಾಲೆಗೆ ಕೊಟ್ಟೆ. ಒಂದು ಅಂಗಿಗೆ ಎರಡು ಕಡೆಯೂ ಎಡತೋಳು ಹಚ್ಚಿದ್ದೆ. ಮೇಡಂ ಬೈಯಲಿಲ್ಲ, ಸುಮ್ಮನೆ ವಾಪಸ್ಸು ಕೊಟ್ಟರು.

ಮಂಚದ ವಿಷಯ. ನನಗೆ ಚಾಪೆ ಸಾಕು. ಹಾಲಿನವನ ತಾಯಿಗೂ ಇದೇ ಉಸಿರಿನ ಕಾಯಿಲೆ. ಅವನು ಮೊನ್ನೆ ಹಾಲು ಅಳೆದು ಹಾಕುತ್ತಾ, "ಅಕ್ಕಾ, ಮಂಚ ಸುಮ್ನೆ ಇದ್ಯಲ್ಲ, ಅಮ್ಮನಿಗೆ ಕೊಡ್ತೀರಾ? ಮಲಗಿದ್ರೆ ಸತ್ತೆ ಸತ್ತೆ ಅಂತಾಳೆ" ಅಂದ. ಕೊಡುತ್ತೇನೆ ಅಂದಿದ್ದೇನೆ. ಇನ್ನೂ ಕೊಟ್ಟಿಲ್ಲ. ನಿನ್ನನ್ನು ಒಂದು ಮಾತು ಕೇಳದೆ ಕೊಡಬಾರದು ಅನಿಸಿತು.

ನಿನ್ನ ಅಕ್ಕ


ಸೆಪ್ಟೆಂಬರ್ 6

ಅಕ್ಕಾ,

ಧಾರಾಳವಾಗಿ ಕೊಡು. ಭಾವ ಇದ್ದಿದ್ದರೆ ಕೇಳುವ ಮೊದಲೇ ಕೊಟ್ಟಿರುತ್ತಿದ್ದರು.

ಬಿಚ್ಚುವಾಗ ಜೋಪಾನ. ಬೋಲ್ಟುಗಳನ್ನು ಒಂದು ಬಟ್ಟೆಗಂಟಿನಲ್ಲಿ ಕಟ್ಟು. ಹ್ಯಾಂಡಲ್ ಬಂದಿದ್ದ ಜಾಗದಲ್ಲೇ ವಾಪಸ್ಸು ಇಡು: ಹಿಡಿಯನ್ನು ಮಡಿಚಿ, ತಲೆಯ ಕಡೆಯ ಎಡಗಾಲಿನ ಪೈಪಿನೊಳಗೆ ತೂರಿಸಿ, ಅಡಿಯ ರಬ್ಬರ್ ಬೂಟನ್ನು ಗಟ್ಟಿಯಾಗಿ ಒತ್ತಿಬಿಡು. ಇಲ್ಲದಿದ್ದರೆ ಸಾಗಿಸುವಾಗ ಅದೇ ಮೊದಲು ಕಳೆಯುವುದು. ನಮ್ಮಲ್ಲಿ ಎಲ್ಲ ಮಂಚಕ್ಕೂ ಹಾಗೆಯೇ. ಮೊದಲು ಹ್ಯಾಂಡಲ್ ಎಲ್ಲಿದೆ ಅಂತ ಒಂದು ಕಾಗದ ಹಾಕುತ್ತಿದ್ದರು, ಖರ್ಚು ಅಂತ ನಿಲ್ಲಿಸಿದರು. ಅದರ ಅಗತ್ಯವೂ ಇಲ್ಲ. ಕಾಲು ಎತ್ತಿದ ಕೂಡಲೇ ಒಳಗೆ ಗಲಗಲ ಅನ್ನುತ್ತದೆ, ಎಂಥವರಿಗೂ ಗೊತ್ತಾಗುತ್ತದೆ.

ನಿನ್ನದರಲ್ಲಿ ಮಾತ್ರ ಆ ಸದ್ದು ಬಾರದ ಹಾಗೆ ಮಾಡಿದ್ದೆ, ಗಮನಿಸಿದ್ದೀಯಲ್ಲ? ಹಳೆಯ ಬನಿಯನ್ ಹರಿದು ಸುತ್ತಿ ಬಿಗಿಯಾಗಿ ತುರುಕಿದ್ದೆ. ಪೈಪಿನೊಳಗೆ ಬಡಿದು ಬಡಿದು ಬಣ್ಣ ಏಳುತ್ತದೆ, ಅಕ್ಕನ ಮಂಚಕ್ಕೆ ಹಾಗಾಗಬಾರದು ಅಂತ. ಬೇರೆಯವರ ಮಂಚಕ್ಕೆ ಯಾರು ಅಷ್ಟು ಮಾಡುತ್ತಾರೆ!

ನಿನ್ನ ತಮ್ಮ


ಸೆಪ್ಟೆಂಬರ್ 15

ಕಳಿಸದ್ದು.

ಬೆಳಗ್ಗೆ ಅಂಚೆಯವನು ಕೊಟ್ಟ. ಓದಿ, ಮಡಿಚಿ, ಅಕ್ಕಿ ತೊಳೆದು ಒಲೆಯ ಮೇಲಿಟ್ಟೆ. ಅನ್ನ ಬೆಂದ ಮೇಲೆ ಮಂಚದ ಹತ್ತಿರ ಹೋದೆ.

ಎಡಗಾಲನ್ನು ಇಟ್ಟಿಗೆಯ ಮೇಲಿಂದ ಎತ್ತಿ ಪಕ್ಕಕ್ಕೆ ವಾಲಿಸಿದೆ. ರಬ್ಬರ್ ಬೂಟು ಸುಲಭವಾಗಿ ಬಿಟ್ಟುಬಂತು. ಒಳಗೆ ಬಿಳಿ ಬಟ್ಟೆಯ ತುದಿ ಕಾಣಿಸಿತು. ಎಳೆದೆ. ಮಗುವನ್ನು ಸುತ್ತಿದ ಹಾಗೆ ಸುತ್ತಿದ್ದೀಯ.

ಆ ಕಾಲನ್ನು ನಾನೇ ಎತ್ತಿ ಇಟ್ಟಿಗೆಯ ಮೇಲೆ ಇಟ್ಟಿದ್ದೆ. ವಾರಕ್ಕೊಂದು ಸಲ ಎತ್ತಿ, ಗುಡಿಸಿ, ಮತ್ತೆ ಇಡುತ್ತಿದ್ದೆ.

ಹ್ಯಾಂಡಲ್ ಸಿಕ್ಕಿಸಿ ತಿರುಗಿಸಿದೆ. ತಲೆಯ ಕಡೆ ಎದ್ದಿತು. ನೀನು ಹೇಳಿದ್ದು ನಿಜ, ಮಗು ಕೂಡ ತಿರುಗಿಸಬಹುದು.

ಯಾರನ್ನು ಬೈಯಲಿ? ನಿನ್ನನ್ನಾ, ಬನಿಯನ್ ಸುತ್ತಿದ್ದಕ್ಕೆ? ನನ್ನನ್ನಾ, ಬಾಯಿ ಬಿಡದೆ ಇದ್ದದ್ದಕ್ಕೆ? ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು, ಹ್ಯಾಂಡಲ್ ಎಲ್ಲಿದೆ ಅಂತ. ಒಂದೇ ಸಾಲು. ಕಾಗದದ ಮೇಲೆ ಕಾಗದ ಬರೆದೆ, ಆ ಸಾಲು ಬರೆಯಲಿಲ್ಲ.

ಅನ್ನ ತಣ್ಣಗಾಯಿತು.


ಸೆಪ್ಟೆಂಬರ್ 17

ಪ್ರೀತಿಯ ತಮ್ಮನಿಗೆ,

ನೀನು ಹೇಳಿದ ಹಾಗೆಯೇ ಜೋಪಾನವಾಗಿ ಬಿಚ್ಚಿಸಿ ಕೊಡುತ್ತೇನೆ.

ಒಂದು ಮಾತು. ಇಲ್ಲಿ ನನಗೆ ಗೊತ್ತಿರುವ ಒಬ್ಬರು ನಿಮ್ಮ ಕಂಪನಿಯದೇ ಮಂಚ ತರಿಸಿದ್ದರು. ಅವರಿಗೆ ಹ್ಯಾಂಡಲ್ ಎಲ್ಲಿದೆ ಅಂತ ಕೊನೆಗೂ ಗೊತ್ತಾಗಲಿಲ್ಲ. ಮನೆಯಲ್ಲಿ ಕಾಯಿಲೆಯವರಿದ್ದರು. ಹ್ಯಾಂಡಲ್ ಇಲ್ಲದ ಮಂಚ ಅಂತಲೇ ತಿಳಿದುಕೊಂಡು ಹಾಗೆಯೇ ಇದ್ದುಬಿಟ್ಟರು.

ನೀವು ಆ ಕಾಗದವನ್ನು ಮತ್ತೆ ಹಾಕಲು ಆಗುವುದಿಲ್ಲವೇ? ದೊಡ್ಡ ಕಾಗದ ಬೇಡ. ಎಡಗಾಲಿನ ಮೇಲೆ ಒಂದು ಚೀಟಿ ಅಂಟಿಸಿ, "ಇದರೊಳಗಿದೆ" ಅಂತ ಬರೆದರೆ ಸಾಕು. ನಿಮ್ಮ ಸೂಪರ್‌ವೈಸರಿಗೆ ನಾನು ಕೇಳಿದೆ ಅಂತ ಹೇಳು.

ನಿನ್ನ ಅಕ್ಕ


ಅಕ್ಟೋಬರ್ 3

ಅಕ್ಕಾ,

ಯಾರಕ್ಕಾ ಆ ಮಹಾನುಭಾವರು? ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಕಥೆಯಾಯಿತಲ್ಲ! ಸೆಕ್ಷನ್ನಿನಲ್ಲಿ ಹೇಳಿದರೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಒಂದು ಸಲ ಬಾಯಿಬಿಟ್ಟು ಕೇಳಬಾರದಾ? ಕಂಪನಿಗೆ ಬರೆದಿದ್ದರೆ ಮಾರನೆಯ ದಿನವೇ ಹೇಳುತ್ತಿದ್ದರು. ಎಲ್ಲರೂ ನಿನ್ನ ಹಾಗೆ ಬುದ್ಧಿವಂತರು ಇರುತ್ತಾರಾ?

ಆದರೂ ಸೂಪರ್‌ವೈಸರಿಗೆ ಹೇಳಿದೆ. "ಗಲಗಲ ಸದ್ದೇ ಚೀಟಿ ಕಣಯ್ಯಾ, ಇನ್ನೊಂದು ಚೀಟಿ ಯಾಕೆ?" ಅಂದರು. ಅವರ ತಲೆಯಲ್ಲಿ ಈಗ ಬೇರೆಯೇ ಓಡುತ್ತಿದೆ. ಕಬ್ಬಿಣ ಉಳಿಸಲು ಒಳಗಿನ ಸ್ಕ್ರೂವನ್ನು ಗಿಡ್ಡ ಮಾಡುತ್ತಾರಂತೆ. ಈಗ ಹದಿನಾರು ಸುತ್ತು ಏಳುತ್ತದೆ, ಇನ್ನು ಮೇಲೆ ಎಂಟೇ ಸುತ್ತು. "ರೋಗಿಗಳಿಗೆ ಎಂಟು ಸಾಕಾಗುತ್ತಾ ಸಾರ್?" ಅಂತ ನಾನು ಕೇಳಿದೆ. "ನಿಮ್ಮ ಭಾವ ಉಪಯೋಗಿಸಿದ್ದಾರಲ್ಲ, ಅವರಿಗೆ ಎಷ್ಟು ಬೇಕಾಗಿತ್ತು ಅಂತ ಅಕ್ಕನ್ನ ಕೇಳಿ ಹೇಳು, ಮೇಲಿನವರಿಗೆ ತಿಳಿಸ್ತೀನಿ" ಅಂದರು.

ಭಾವನಿಗೆ ಎಷ್ಟು ಸುತ್ತು ಬೇಕಾಗುತ್ತಿತ್ತು ಅಕ್ಕಾ? ದಿನಾ ತಿರುಗಿಸಿದವಳು ನೀನು, ನಿನ್ನ ಕೈಗೆ ನೆನಪಿರುತ್ತದೆ. ನನಗೂ ತಿಳಿದುಕೊಳ್ಳುವ ಆಸೆ.

ನಿನ್ನ ತಮ್ಮ


ಅಕ್ಟೋಬರ್ 16

ಕಳಿಸದ್ದು.

ಹಾಲಿನವನಿಗೆ ಇನ್ನೆರಡು ದಿನ ಬಿಟ್ಟು ಬಾ ಅಂದೆ. ಮುಖ ಸಣ್ಣದು ಮಾಡಿಕೊಂಡ. ಮನಸ್ಸು ಬದಲಾಯಿಸಿದೆ ಅಂದುಕೊಂಡನೋ ಏನೋ.

ಇಟ್ಟಿಗೆಗಳನ್ನು ತೆಗೆದು ಹಿತ್ತಲಿಗೆ ಹಾಕಿದೆ. ಏಳು ತಿಂಗಳ ಮೇಲೆ ಮಂಚ ಮತ್ತೆ ನಾಲ್ಕು ಕಾಲಿನ ಮೇಲೆ ಸಮವಾಗಿ ನಿಂತಿತು. ಬಾಗಿಲು ಹಾಕಿಕೊಂಡೆ. ಒಂದು ಸುತ್ತು ತಿರುಗಿಸಿ, ಹೋಗಿ ಮಲಗಿದೆ. ಎದ್ದು ಬಂದು ಇನ್ನೊಂದು ಸುತ್ತು ತಿರುಗಿಸಿದೆ, ಹೋಗಿ ಮಲಗಿದೆ. ಹೇಳುವವರು ಇಲ್ಲದಿದ್ದರೆ ಹೀಗೆಯೇ ನೋಡಬೇಕು. ಗೋಡೆಗೆ ಒರಗಿ ನಾನು ಎಷ್ಟು ವಾಲಿ ಕೂರುತ್ತಿದ್ದೆನೋ ಅದು ನನ್ನ ಸೊಂಟಕ್ಕೆ ಗೊತ್ತು. ಅಲ್ಲಿಗೆ ಬರಬೇಕು. ಆರಕ್ಕೆ ಬರಲಿಲ್ಲ. ಎಂಟಕ್ಕೆ ಬರಲಿಲ್ಲ. ಹತ್ತಕ್ಕೆ ಇನ್ನೇನು ಬಂತು ಅನಿಸಿತು, ಎದ್ದೆ. ಮಂಡಿ ನೋಯುತ್ತಿತ್ತು.

ಹನ್ನೊಂದನೆಯ ಸುತ್ತಿಗೆ ಬಂದು ಮಲಗಿದಾಗ ಅದೇ. ಬೇರೆ ಅಲ್ಲ. ಇನ್ನೂ ನಂಬದೆ ಹನ್ನೆರಡನ್ನೂ ನೋಡಿದೆ. ಕತ್ತು ಮುಂದಕ್ಕೆ ಬಾಗುತ್ತದೆ. ಒಂದು ಸುತ್ತು ಇಳಿಸಿ ಮತ್ತೆ ಮಲಗಿದೆ. ಮೂರು ಗಂಟೆಯ ಬಸ್ಸು ಹೋಗುವ ತನಕ ಹಾಗೆಯೇ ಇದ್ದೆ.


ಅಕ್ಟೋಬರ್ 19

ಪ್ರೀತಿಯ ತಮ್ಮನಿಗೆ,

ನಿನ್ನೆ ಹಾಲಿನವನು ಕೈಗಾಡಿ ತಂದು ಮಂಚ ತೆಗೆದುಕೊಂಡು ಹೋದ. ಹ್ಯಾಂಡಲನ್ನು ಪೈಪಿನೊಳಗೆ ಇಡಲಿಲ್ಲ, ಅವನ ತಾಯಿಯ ಕೈಗೇ ಕೊಟ್ಟು ಬಂದೆ. ಮುದುಕಿ ಅದನ್ನು ಸೆರಗಿನಲ್ಲಿ ಸುತ್ತಿಟ್ಟುಕೊಂಡಳು.

ನೀನು ಕೇಳಿದ್ದಕ್ಕೆ ಉತ್ತರ: ನಿನ್ನ ಭಾವನಿಗೆ ಹನ್ನೊಂದು ಸುತ್ತು ಬೇಕು. ಹತ್ತು ಸಾಲದು, ಹನ್ನೆರಡು ಹೆಚ್ಚು. ಎಂಟಕ್ಕೆ ಇಳಿಸಬೇಡಿ ಅಂತ ನಿಮ್ಮ ಸೂಪರ್‌ವೈಸರಿಗೆ ಹೇಳು. ನಾನೇ ನನ್ನ ಕೈಯಾರೆ ತಿರುಗಿಸಿ ನೋಡಿದ್ದು, ಲೆಕ್ಕ ತಪ್ಪಿಲ್ಲ.

ನಿನ್ನ ಅಕ್ಕ